ಶುಕ್ರವಾರ ಮೊದಲನೆಯವ, ಶನಿವಾರ ಆರನೆಯವ: ತಂಡವೇ ಹಿಂದೆ ಹಾಕಿತೇ?

ಪ್ರಶ್ನೆ: ಸರ್, ನಮಸ್ಕಾರ್ರಿ. ನಾವು ಕಲಬುರಗಿ ಬ್ರಹ್ಮಪುರದವರು, ಐದು ಮಂದಿ ಗೆಳೆಯರು. ನಾಕು ವರ್ಷ ಆತು, ಫಾರ್ಮುಲಾ ಒನ್ ಒಂದೂ ರೇಸ್ ಬಿಟ್ಟಿಲ್ಲ. ಶನಿವಾರ ಕ್ವಾಲಿಫೈಯಿಂಗ್ (ಭಾನುವಾರ ಯಾರು ಯಾವ ಜಾಗದಿಂದ ಹೊರಡಬೇಕು ಅಂತ ತೀರ್ಮಾನ ಮಾಡೋ ಓಟ) ಮುಗೀತಂದ್ರ ಜಗತ್ ಸರ್ಕಲ್ ಹತ್ರ ಚಹಾದ ಅಂಗಡಿ ಮುಂದ ಕುಂತು ಮರುದಿನದ ರೇಸ್ ಮಾತಾಡ್ತೀವಿ. ಹೋದ ತಿಂಗಳ ನಮ್ಮ ಚಾಲಕ ಶುಕ್ರವಾರದ ಪ್ರಾಕ್ಟೀಸ್‌ನಾಗ ಎಲ್ಲರಿಗಿಂತ ಮುಂದ ಇದ್ದ. ಶನಿವಾರ ಆರನೇ ಜಾಗಕ್ಕ ಬಿದ್ದ. ಅವನ ಟೀಮಿನ ಇನ್ನೊಬ್ಬ ಎರಡನೇದಾಗ ನಿಂತ. ನಮ್ಮಾಗ ಒಬ್ಬ, ಟೀಮಿನವರೇ ಬೇಕಂತ ಹಿಂದ ಹಾಕ್ಯಾರ ಅಂದ. ಇನ್ನೊಬ್ಬ, ಪೋಲ್, ಅಂದ್ರ ಹೊರಡೋ ಮೊದಲನೇ ಜಾಗ, ಸಿಗಲಿಲ್ಲ ಅಂದಮ್ಯಾಗ ರೇಸ್ ನೋಡೋದೇ ದಂಡ ಅಂದ. ಮಾತಿಗೆ ಮಾತು ಬೆಳೀತು. ಭಾನುವಾರ ಅವ ಆರನೇದಾಗೇ ಮುಗಿಸಿದ, ಇವರಿಬ್ಬರೂ ಮಾತು ಬಿಟ್ಟರು. ಖರೇನೇ ಟೀಮ್ ಹಿಂಗ ಮಾಡ್ತದೇನ್ರಿ? ಆರನೇ ಜಾಗದಿಂದ ಮುಂದ ಬರಾಕ ಏನೇನ್ ದಾರಿ ಅದಾವ? ಶನಿವಾರ ರಾತ್ರಿ ನಾವು ಏನ್ ನೋಡಿ ಅಂದಾಜು ಹಾಕಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಚಾಲಕನ ಹೆಸರೂ ರೇಸಿನ ಹೆಸರೂ ಇದ್ದವು. ಎರಡನ್ನೂ ಇಲ್ಲಿ ಬಿಟ್ಟಿದ್ದೇನೆ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಚಾಲಕರ ಹೆಸರಲ್ಲಿ ನನಗೆ ಬಹಳ ಮಂದಿ ಕೇಳಿದ್ದಾರೆ, ಉತ್ತರ ಅವರಿಗೂ ಸೇರಲಿ. ನೀವು ಕೇಳಿದ್ದು ಮೂರು ಮಾತು. ಆದರೆ ನಿಮ್ಮ ಗುಂಪನ್ನು ಒಡೆದದ್ದು ಮೊದಲನೆಯದು: ನಮ್ಮವನಿಗೆ ಅವನ ಮನೆಯವರೇ ಅನ್ಯಾಯ ಮಾಡಿದರೇ ಅನ್ನುವುದು. ಅಲ್ಲಿಂದಲೇ ಹಿಡಿಯುತ್ತೇನೆ.

ಮೊದಲು ಶುಕ್ರವಾರದ ಪಟ್ಟಿಯನ್ನು ಪಕ್ಕಕ್ಕಿಡಿ. ಪ್ರಾಕ್ಟೀಸ್‌ನಲ್ಲಿ ಯಾರ ಟ್ಯಾಂಕಿನಲ್ಲಿ ಎಷ್ಟು ಇಂಧನ ಇತ್ತು, ಯಾರು ಎಂಜಿನ್ ಎಷ್ಟು ಬಿಟ್ಟು ಓಡಿಸಿದರು ಅನ್ನುವುದು ಟಿವಿಯ ಮೇಲೆ ಬರುವುದಿಲ್ಲ. 10 ಕಿಲೋ ಇಂಧನ ಹೆಚ್ಚಿದ್ದರೆ ಒಂದು ಸುತ್ತಿಗೆ ಸುಮಾರು 0.3 ಸೆಕೆಂಡು ಹೋಗುತ್ತದೆ ಅನ್ನುವುದು ನಮ್ಮ ಕೆಲಸದಲ್ಲಿ ಎಲ್ಲರೂ ಹಿಡಿಯುವ ಲೆಕ್ಕ. ಒಂದು ತಂಡ 20 ಕಿಲೋ, ಇನ್ನೊಂದು 50 ಕಿಲೋ ಹಾಕಿ ಓಡಿಸಿದ್ದರೆ ಅಲ್ಲೇ ಹತ್ತಿರ ಹತ್ತಿರ ಒಂದು ಸೆಕೆಂಡು ವ್ಯತ್ಯಾಸ ಬಂತು. ಕ್ವಾಲಿಫೈಯಿಂಗ್‌ನಲ್ಲಿ ಎರಡನೆಯವನಿಗೂ ಆರನೆಯವನಿಗೂ ನಡುವಿನ ಅಂತರ ಎಷ್ಟೋ ಸಲ ಅದರ ಕಾಲು ಭಾಗವೂ ಇರುವುದಿಲ್ಲ. ಹೀಗಾಗಿ ನಿಮ್ಮ ಚಾಲಕ ಶುಕ್ರವಾರದಿಂದ ಶನಿವಾರಕ್ಕೆ ಐದು ಮೆಟ್ಟಿಲು ಇಳಿದ ಅನ್ನುವ ಲೆಕ್ಕವೇ ನಿಲ್ಲುವುದಿಲ್ಲ. ಶುಕ್ರವಾರ ಅವನು ಯಾವ ಮೆಟ್ಟಿಲ ಮೇಲಿದ್ದ ಅನ್ನುವುದು ಗೊತ್ತಿದ್ದದ್ದು ಅವನ ಎಂಜಿನಿಯರ್‌ಗೆ ಮಾತ್ರ.

ಆದರೂ ಅವನ ಜೋಡಿ ಚಾಲಕ ಅದೇ ಕಾರಿನಲ್ಲಿ ಎರಡನೆಯವನಾದನಲ್ಲ? ಈ ಪ್ರಶ್ನೆ ಸರಿಯಾದದ್ದು. ಇದಕ್ಕೆ ಉತ್ತರ ಹೆಚ್ಚಿನ ಸಲ ಟೈರಿನಲ್ಲಿ ಇರುತ್ತದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ನಿಮ್ಮ ಮನೆಯಲ್ಲಿ ಅವ್ವ ಜೋಳದ ರೊಟ್ಟಿ ಮಾಡುವುದನ್ನು ನೋಡಿರುತ್ತೀರಿ. ಕುದಿಯುವ ಎಸರು ಹಾಕದೆ ತಣ್ಣೀರಲ್ಲಿ ಹಿಟ್ಟು ಕಲಸಿದರೆ ಜಿಗಿ ಬರುವುದಿಲ್ಲ, ಬಡಿಯುವಾಗಲೇ ಅಂಚು ಹರಿಯುತ್ತದೆ. ಹೆಂಚು ಮಿತಿಮೀರಿ ಕಾದರೆ ಮೇಲೆ ಕರಕಲು, ಒಳಗೆ ಹಸಿ. ರೇಸಿನ ಟೈರಿನ ರಬ್ಬರೂ ಹಾಗೇ. ಅದಕ್ಕೆ ಒಂದು ಹದವಾದ ಬಿಸಿ ಇದೆ. ಅದಕ್ಕಿಂತ ತಣ್ಣಗಿದ್ದರೆ ರಬ್ಬರ್ ನೆಲ ಹಿಡಿಯದೆ ಜಾರುತ್ತದೆ, ಜಾರುವಾಗ ಮೇಲ್ಮೈ ಹರಿದು ಚೂರುಚೂರಾಗಿ ಅಲ್ಲೇ ಅಂಟಿಕೊಳ್ಳುತ್ತದೆ. ಇದಕ್ಕೆ ಗ್ರೇನಿಂಗ್ ಅನ್ನುತ್ತೇವೆ. ಒಳಗಿನ ಬಿಸಿ ಮಿತಿ ದಾಟಿದರೆ ರಬ್ಬರಿನಲ್ಲಿ ರೊಟ್ಟಿ ಉಬ್ಬಿದ ಹಾಗೆ ಗುಳ್ಳೆ ಏಳುತ್ತದೆ, ಅದು ಬ್ಲಿಸ್ಟರಿಂಗ್. ಕ್ವಾಲಿಫೈಯಿಂಗ್‌ನಲ್ಲಿ ಚಾಲಕ ಪಿಟ್‌ನಿಂದ (ಟ್ರ್ಯಾಕಿನ ಪಕ್ಕ ಟೈರು ಬದಲಿಸುವ ಜಾಗ) ಹೊರಟ ಮೇಲೆ ಆ ಹದಕ್ಕೆ ತರಲು ಅವನಿಗೆ ಸಿಗುವುದು ಸಾಮಾನ್ಯವಾಗಿ ಒಂದೇ ಸುತ್ತು. ಆ ಸುತ್ತಿನಲ್ಲಿ ಮುಂದೆ ನಾಲ್ಕು ಕಾರು ನಿಧಾನ ಹೋಗುತ್ತಿದ್ದರೆ ಇವನೂ ನಿಧಾನ ಮಾಡಬೇಕು, ಟೈರು ತಣ್ಣಗಾಗುತ್ತದೆ, ಮೊದಲ ತಿರುವಿನಲ್ಲೇ ಸೆಕೆಂಡಿನ ಹತ್ತನೇ ಒಂದು ಭಾಗ ಹೋಗುತ್ತದೆ. ಜೋಡಿ ಚಾಲಕ ಅರ್ಧ ನಿಮಿಷ ಮುಂಚೆ ಹೊರಟಿದ್ದಕ್ಕೆ ಖಾಲಿ ರಸ್ತೆ ಸಿಕ್ಕಿರಬಹುದು. ಅಷ್ಟೇ ಸಾಕು, ನಾಲ್ಕು ಜಾಗದ ವ್ಯತ್ಯಾಸ ಬಂದುಬಿಡುತ್ತದೆ.

2019ರ ಮೊಂಜಾ ಕ್ವಾಲಿಫೈಯಿಂಗ್‌ನ ಕೊನೆಯ ಹಂತ ಸಿಕ್ಕರೆ ಒಮ್ಮೆ ನೋಡಿ. ಅಲ್ಲಿ ನೇರ ರಸ್ತೆಗಳು ಉದ್ದ, ಮುಂದಿನ ಕಾರಿನ ಹಿಂದೆ ಹೋದರೆ ಗಾಳಿಯ ತಡೆ ಕಡಿಮೆಯಾಗಿ ವೇಗ ಸಿಗುತ್ತದೆ. ಎಲ್ಲರಿಗೂ ಇನ್ನೊಬ್ಬರ ಹಿಂದೆ ಹೋಗುವ ಆಸೆ, ಮುಂದೆ ಹೋಗಲು ಯಾರೂ ತಯಾರಿಲ್ಲ. ನಿಧಾನ ಮಾಡುತ್ತ ಮಾಡುತ್ತ ಸಮಯವೇ ಮುಗಿದು, ಹೆಚ್ಚಿನವರಿಗೆ ಕೊನೆಯ ಸುತ್ತು ಶುರು ಮಾಡಲು ಆಗಲೇ ಇಲ್ಲ. ಫೆರಾರಿಯ ಶಾರ್ಲ್ ಲೆಕ್ಲರ್ ಪೋಲ್ ಉಳಿಸಿಕೊಂಡರು, ಅದೇ ತಂಡದ ಸೆಬಾಸ್ಟಿಯನ್ ವೆಟೆಲ್ ನಾಲ್ಕನೆಯವರಾದರು. ವೆಟೆಲ್ ಅಭಿಮಾನಿಗಳು ಅಂದು ಆಡಿದ ಮಾತು ನಿಮ್ಮ ಗೆಳೆಯ ಆಡಿದ ಮಾತಿಗಿಂತ ಬೇರೆ ಇರಲಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹನ್ನೆರಡು ವರ್ಷ ನಾನು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ರೇಸ್ ಕಾರುಗಳ ಟೈರು ಮತ್ತು ಡೇಟಾ ನೋಡಿಕೊಂಡಿದ್ದೆ. ಒಂದು ವಾರ ನನ್ನ ಕೈಯಲ್ಲಿದ್ದ ಹುಡುಗ ಶನಿವಾರ ಮಧ್ಯಾಹ್ನ ಎರಡನೆಯವನಾಗಿ ಬಂದ. ಟೆಂಪರೇಚರ್ ಗನ್ ಹಿಡಿದರೆ ಡಾಂಬರು 50 ಡಿಗ್ರಿ ದಾಟಿ ತೋರಿಸುತ್ತಿತ್ತು. ನಮ್ಮ ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ಮೇ ತಿಂಗಳಲ್ಲಿ ಚಪ್ಪಲಿ ಅಂಟುತ್ತದಲ್ಲ, ಅಂಥ ಬಿಸಿ. ಅಷ್ಟು ಬಿಸಿಗೆ ಟೈರಿನ ಒಳಗಿನ ಗಾಳಿ ಹಿಗ್ಗುತ್ತದೆ ಅಂತ ಮೊದಲೇ ಗಾಳಿ ಸ್ವಲ್ಪ ಕಡಿಮೆ ಇಟ್ಟಿದ್ದೆ. ಆ ರಾತ್ರಿ ಮಳೆ ಬಂತು. ಭಾನುವಾರ ಬೆಳಿಗ್ಗೆ ರೇಸ್ ಹೊತ್ತಿಗೆ ನೆಲ ಒಣಗಿತ್ತು, ಆದರೆ ತಣ್ಣಗಿತ್ತು. ನಾನು ನಿನ್ನೆಯ ಲೆಕ್ಕದಲ್ಲೇ ಗಾಳಿ ಇಟ್ಟೆ. ಪಕ್ಕದಲ್ಲಿ ಜೋಡಿ ಚಾಲಕನ ಕಾರು ನೋಡುತ್ತಿದ್ದ ಮೆಕ್ಯಾನಿಕ್ ಗಾಳಿಯ ಒತ್ತಡ 2 ಪಿಎಸ್‌ಐ ಏರಿಸಿದ್ದ. ಮೂರನೇ ಸುತ್ತಿಗೆ ನನ್ನ ಹುಡುಗನ ಮುಂದಿನ ಟೈರು ಗ್ರೇನ್ ಆಯಿತು, ಪ್ರತಿ ತಿರುವಿನಲ್ಲೂ ಕಾರು ಹೊರಗೆ ಸರಿಯುತ್ತಿತ್ತು, ಏಳನೆಯವನಾಗಿ ಮುಗಿಸಿದ. ಅವನ ಜೋಡಿ ಚಾಲಕ ಗೆದ್ದ. ಹುಡುಗನ ಅಪ್ಪ ಗ್ಯಾರೇಜಿಗೆ ಬಂದು ಎಲ್ಲರ ಮುಂದೆ, ‘ಅವನು ದುಡ್ಡು ಜಾಸ್ತಿ ಕೊಟ್ಟಿದ್ದಾನೆ, ಅದಕ್ಕೆ ನನ್ನ ಮಗನ ಕಾರು ಕೆಡಿಸಿದಿರಿ’ ಅಂದರು. ಕೈಯಲ್ಲಿದ್ದ ಗೇಜ್ ತೋರಿಸಿ, ತಪ್ಪು ನನ್ನದು, ಎರಡು ಪಿಎಸ್‌ಐ ಅಂದೆ. ಅವರು ನಂಬಲಿಲ್ಲ. ಇಷ್ಟು ದೊಡ್ಡ ಸೋಲಿಗೆ ಅಷ್ಟು ಸಣ್ಣ ಕಾರಣ ಇರಬಹುದು ಅಂತ ನೋವಿನಲ್ಲಿರುವ ಮನುಷ್ಯನಿಗೆ ಅನಿಸುವುದಿಲ್ಲ. ನಿಮ್ಮ ಗೆಳೆಯನ ಮೇಲೆ ನನಗೆ ಬೇಸರವಿಲ್ಲದಿರುವುದು ಇದಕ್ಕೇ.

ಹಾಗಂತ ಅವನ ಸಂಶಯಕ್ಕೆ ಆಧಾರವೇ ಇಲ್ಲ ಅನ್ನಲಾರೆ. 2006ರ ಮೊನಾಕೊ ಕ್ವಾಲಿಫೈಯಿಂಗ್‌ನಲ್ಲಿ ಮೈಕೆಲ್ ಶುಮಾಕರ್ ರಾಸ್ಕಾಸ್ ತಿರುವಿನಲ್ಲಿ ಕಾರು ನಿಲ್ಲಿಸಿ ಹಿಂದಿನವರ ಸುತ್ತು ಕೆಡಿಸಿದರು. ಅವರ ಸಮಯ ರದ್ದಾಗಿ ಕೊನೆಯಿಂದ ಹೊರಡಬೇಕಾಯಿತು. 2007ರ ಹಂಗೆರಿಯಲ್ಲಿ ಫರ್ನಾಂಡೊ ಅಲೊನ್ಸೊ ಪಿಟ್‌ನಲ್ಲಿ ಬೇಕಂತಲೇ ತಡ ಮಾಡಿದ್ದರಿಂದ ಹಿಂದೆ ಕಾಯುತ್ತಿದ್ದ ತಮ್ಮದೇ ಮೆಕ್‌ಲಾರೆನ್ ತಂಡದ ಲೂಯಿಸ್ ಹ್ಯಾಮಿಲ್ಟನ್‌ಗೆ ಕೊನೆಯ ಸುತ್ತು ತಪ್ಪಿತು. ಅಲೊನ್ಸೊಗೆ ಐದು ಜಾಗದ ಶಿಕ್ಷೆ ಬಿತ್ತು. 2008ರ ಸಿಂಗಪುರದಲ್ಲಿ ರೆನೊ ತಂಡ ನೆಲ್ಸನ್ ಪಿಕೆ ಜೂನಿಯರ್ ಕೈಯಲ್ಲಿ ಗೋಡೆಗೆ ಗುದ್ದಿಸಿ, ಅಪಘಾತವಾದಾಗ ಎಲ್ಲರನ್ನೂ ನಿಧಾನ ಮಾಡಿಸುವ ಸೇಫ್ಟಿ ಕಾರ್ ಬರುವಂತೆ ಮಾಡಿ, 15ನೇ ಜಾಗದಿಂದ ಹೊರಟಿದ್ದ ಅಲೊನ್ಸೊ ಗೆಲ್ಲುವ ಹಾಗೆ ಮಾಡಿತು. ಮರುವರ್ಷ ಅದು ಬಯಲಾಯಿತು. ಮೋಸ ಈ ಆಟದಲ್ಲಿ ನಡೆದಿದೆ.

ಆದರೆ ಈ ಮೂರನ್ನೂ ಇನ್ನೊಮ್ಮೆ ನೋಡಿ. ತಂಡವೊಂದು ತನ್ನ ಒಬ್ಬ ಚಾಲಕನನ್ನು ಕ್ವಾಲಿಫೈಯಿಂಗ್‌ನಲ್ಲಿ ಗುಟ್ಟಾಗಿ ಹಿಂದೆ ತಳ್ಳಿದ್ದು ಇವುಗಳಲ್ಲಿ ಯಾವುದೂ ಅಲ್ಲ. ಅದರಿಂದ ತಂಡಕ್ಕೇ ನಷ್ಟ. ಎರಡೂ ಕಾರುಗಳ ಅಂಕ ಕೂಡಿಯೇ ತಂಡಗಳ ಚಾಂಪಿಯನ್‌ಶಿಪ್ ತೀರ್ಮಾನ ಆಗುತ್ತದೆ, ಬಹುಮಾನದ ಹಣವೂ ಆ ಸ್ಥಾನದ ಮೇಲೆಯೇ ನಿಂತಿದೆ. ಒಬ್ಬನಿಗೆ ಒಲವು ತೋರಿಸಬೇಕು ಅಂದರೆ ಭಾನುವಾರ ಬಹಿರಂಗವಾಗಿಯೇ ತೋರಿಸಬಹುದು. ರೇಸಿನ ನಡುವೆ ‘ಅವನಿಗೆ ದಾರಿ ಬಿಡು’ ಅನ್ನುವುದಕ್ಕಿದ್ದ ನಿಷೇಧ 2011ರಿಂದ ಇಲ್ಲ. 2021ರ ಅಬುಧಾಬಿಯಲ್ಲಿ ರೆಡ್ ಬುಲ್‌ನ ಸೆರ್ಜಿಯೊ ಪೆರೆಜ್ ಹಳೇ ಟೈರಿನ ಮೇಲೆ ಹ್ಯಾಮಿಲ್ಟನ್ ಅವರನ್ನು ತಡೆದು ನಿಲ್ಲಿಸಿ ಜೋಡಿ ಚಾಲಕ ಮ್ಯಾಕ್ಸ್ ವೆರ್ಸ್ಟಾಪನ್‌ಗೆ ಹಲವು ಸೆಕೆಂಡು ಗಳಿಸಿಕೊಟ್ಟರು. ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ, ಲೋಕವೇ ನೋಡಿತು.

ಅಭಿಮಾನಿಗಳಿಗೆ ಪಕ್ಷಪಾತದಂತೆ ಕಾಣುವ ಇನ್ನೊಂದು ರೂಢಿ ಇದೆ. ತಂಡದ ಎರಡು ಕಾರುಗಳಲ್ಲಿ ಮುಂದಿರುವುದಕ್ಕೆ ಪಿಟ್ ಯಾವಾಗ ಅನ್ನುವ ಮೊದಲ ಆಯ್ಕೆ. 2024ರ ಹಂಗೆರಿಯಲ್ಲಿ ಮೆಕ್‌ಲಾರೆನ್ ಅದನ್ನು ಮುರಿಯಿತು. ಮುಂದಿದ್ದ ಆಸ್ಕರ್ ಪಿಯಾಸ್ಟ್ರಿಗಿಂತ ಮೊದಲು ಲ್ಯಾಂಡೊ ನಾರಿಸ್ ಅವರನ್ನು ಒಳಗೆ ಕರೆದರು, ನಾರಿಸ್ ಮುಂದಾಗಿಬಿಟ್ಟರು, ಆಮೇಲೆ ಸುತ್ತುಗಟ್ಟಲೆ ರೇಡಿಯೊದಲ್ಲಿ ಬೇಡಿಕೊಂಡು ಜಾಗ ವಾಪಸ್ ಕೊಡಿಸಿದರು. ನಿಮ್ಮ ಚಾಲಕ ಆರನೆಯವ, ಜೋಡಿ ಎರಡನೆಯವ ಅಂದರೆ ಭಾನುವಾರ ಮೊದಲ ಆಯ್ಕೆ ಜೋಡಿಯದು. ಅದಕ್ಕೆ ಮೋಸ ಅನ್ನುವುದು ಸರಿಯಲ್ಲ.

ಇನ್ನು ನಿಮ್ಮ ಎರಡನೇ ಗೆಳೆಯನ ಮಾತು, ಪೋಲ್ ಇಲ್ಲದಿದ್ದರೆ ರೇಸ್ ದಂಡ ಅನ್ನುವುದು. ಮೊನಾಕೊ ಒಂದರ ಮಟ್ಟಿಗೆ ಅದು ಬಹುಪಾಲು ನಿಜ. 2024ರಲ್ಲಿ ಅಲ್ಲಿ ಮೊದಲ ಹತ್ತು ಮಂದಿ ಹೊರಟ ಕ್ರಮದಲ್ಲೇ ಮುಗಿಸಿದರು. ಮೊದಲ ಸುತ್ತಿನಲ್ಲೇ ರೇಸ್ ನಿಲ್ಲಿಸುವ ರೆಡ್ ಫ್ಲ್ಯಾಗ್ ಬಂದು ಎಲ್ಲರೂ ಪುಕ್ಕಟೆ ಟೈರು ಬದಲಿಸಿಕೊಂಡರು, ಆಮೇಲೆ ಇಕ್ಕಟ್ಟಿನ ಬೀದಿಯಲ್ಲಿ ದಾಟುವವರಿಲ್ಲ. ನಮ್ಮ ದೇಶದ ಬುದ್ಧ್ ಸರ್ಕ್ಯೂಟ್‌ನಲ್ಲೂ 2011, 2012, 2013ರ ಮೂರೂ ರೇಸ್‌ಗಳನ್ನು ವೆಟೆಲ್ ಪೋಲ್‌ನಿಂದಲೇ ಹೊರಟು ಗೆದ್ದರು. ಆದರೆ ಅಲ್ಲಿ ಉದ್ದದ ನೇರ ರಸ್ತೆ ಇತ್ತು, ದಾಟಲು ಜಾಗ ಇತ್ತು. ಗೆದ್ದದ್ದು ವೆಟೆಲ್ ಆಗ ಓಡಿಸುತ್ತಿದ್ದ ರೆಡ್ ಬುಲ್ ಕಾರು.

ಮೆಕ್ಸಿಕೊ ಇದಕ್ಕೆ ಉಲ್ಟಾ. ಕಾರುಗಳು ಹೊರಡಲು ಸಾಲಾಗಿ ನಿಲ್ಲುವ ಗ್ರಿಡ್‌ನಿಂದ ಮೊದಲ ತಿರುವಿಗೆ ಸುಮಾರು 800 ಮೀಟರ್ ಓಡಬೇಕು. ಅಷ್ಟು ದೂರ ಮುಂದೆ ಗಾಳಿ ಸೀಳುತ್ತ ಹೋಗುವವನ ಹಿಂದೆ ಬಂದವರಿಗೆ ಲಾಭ. 2021ರಲ್ಲಿ ಪೋಲ್‌ನಲ್ಲಿದ್ದ ವಾಲ್ಟೆರಿ ಬೊಟಾಸ್ ಅವರನ್ನು ಮೂರನೇ ಜಾಗದ ವೆರ್ಸ್ಟಾಪನ್ ಮೊದಲ ತಿರುವಿನಲ್ಲೇ ದಾಟಿದರು.

ನಿಮ್ಮ ಆರನೇ ಜಾಗಕ್ಕೆ ನಾನು ಯಾವಾಗಲೂ ನೆನೆಯುವ ರೇಸ್ 2009ರ ಬೆಲ್ಜಿಯಂ, ಸ್ಪಾ ಟ್ರ್ಯಾಕ್. ಭಾರತದ ಧ್ವಜ ಹೊತ್ತ ಫೋರ್ಸ್ ಇಂಡಿಯಾ ಕಾರು ಅಂದು ಪೋಲ್‌ನಲ್ಲಿತ್ತು, ಚಾಲಕ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ. ಅಲ್ಲಿಯವರೆಗೆ ಒಂದು ಅಂಕವನ್ನೂ ಗಳಿಸದ ತಂಡ ಅದು. ಆ ಸಂಜೆ ನಾನು ಟಿವಿ ಮುಂದೆ ಕೂತಲ್ಲಿಂದ ಏಳಲಿಲ್ಲ. ಆರನೇ ಜಾಗದಿಂದ ಹೊರಟ ಕಿಮಿ ರೈಕೊನೆನ್ ಮೊದಲ ಸುತ್ತಿನಲ್ಲೇ ಎರಡನೇ ಜಾಗಕ್ಕೆ ಬಂದರು. ಸೇಫ್ಟಿ ಕಾರ್ ಒಳಗೆ ಹೋದ ಕೂಡಲೇ ಕೆಮ್ಮೆಲ್ ನೇರ ರಸ್ತೆಯಲ್ಲಿ, ಫೋರ್ಸ್ ಇಂಡಿಯಾದಲ್ಲಿ ಇಲ್ಲದ ಕರ್ಸ್ ಅನ್ನುವ ವಿದ್ಯುತ್ ಶಕ್ತಿ ಬಳಸಿ ಫಿಸಿಕೆಲ್ಲಾ ಅವರನ್ನು ದಾಟಿದರು. ಕೊನೆಯವರೆಗೂ ಫಿಸಿಕೆಲ್ಲಾ ಬೆನ್ನು ಬಿಡಲಿಲ್ಲ, ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡನೆಯವರಾದರು. ವೇಗ ಇದ್ದೂ ದಾಟಲಾಗಲಿಲ್ಲ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆ ಆ ಸಂಕಟ ಗೊತ್ತು.

ಹಾಗಾದರೆ ಆರನೆಯವನ ಮುಂದೆ ಇರುವ ದಾರಿಗಳು. ಎಲ್ಲರೂ ಮೊದಲು ಯೋಚಿಸುವುದು ಅಂಡರ್‌ಕಟ್. ಮುಂದಿನವನಿಗಿಂತ ಒಂದೆರಡು ಸುತ್ತು ಮೊದಲೇ ಪಿಟ್‌ಗೆ ಬಂದು ಹೊಸ ಟೈರು ಹಾಕಿಸಿಕೊಳ್ಳುವುದು. ಹೊಸ ಟೈರಿನ ಮೊದಲ ಸುತ್ತಿನಲ್ಲಿ ಒಂದೆರಡು ಸೆಕೆಂಡು ಗಳಿಕೆ ಆಯಿತೆಂದರೆ, ಮುಂದಿದ್ದವನು ತಾನು ಪಿಟ್‌ನಿಂದ ಹೊರಬರುವಾಗ ಇವನ ಹಿಂದೆ ಬೀಳುತ್ತಾನೆ. ಅಪಾಯ ಎರಡು ಕಡೆ. ಹೊರಗೆ ಬಂದ ಕೂಡಲೇ ನಿಧಾನದ ಕಾರುಗಳ ಹಿಂದೆ ಸಿಕ್ಕಿದರೆ ಗಳಿಕೆ ಅಲ್ಲೇ ಕರಗಿತು. ಇವನು ಟೈರು ಬದಲಿಸಿದ ಮರುಸುತ್ತಿಗೇ ಸೇಫ್ಟಿ ಕಾರ್ ಬಂದರಂತೂ, ಉಳಿದವರು ಸುಮಾರು ಅರ್ಧ ನಷ್ಟದಲ್ಲಿ ಟೈರು ಬದಲಿಸಿಕೊಳ್ಳುತ್ತಾರೆ. ಟೈರು ಬೇಗ ಬಿಸಿಯಾಗದ ಟ್ರ್ಯಾಕುಗಳಲ್ಲಿ ಅಂಡರ್‌ಕಟ್ ತಿರುಗುಬಾಣ. ಅಲ್ಲಿ ಹೆಚ್ಚು ಹೊತ್ತು ಹೊರಗೇ ಉಳಿದವನು ಗೆಲ್ಲುತ್ತಾನೆ.

ಇನ್ನೊಂದು ದಾರಿ, ಗಟ್ಟಿ ಟೈರಿನಲ್ಲಿ ಹೊರಟು ಆದಷ್ಟು ತಡವಾಗಿ ಒಳಬರುವುದು. ಸೇಫ್ಟಿ ಕಾರ್ ಸರಿಯಾದ ಹೊತ್ತಿಗೆ ಬಂದರೆ ಬಂಗಾರ. ಬರದಿದ್ದರೆ ಮೊದಲ ಸುತ್ತಿನಲ್ಲೇ ಎರಡು ಜಾಗ ಕಳೆದುಕೊಂಡು ಅದನ್ನು ಹುಡುಕುತ್ತಲೇ ರೇಸ್ ಮುಗಿಯುತ್ತದೆ. ಹತ್ತನೇ ಜಾಗದ ಆಚೆಯವರಿಗೆ ಇದು ಸರಿ, ಆರನೆಯವನಿಗೆ ನಾನಾದರೆ ಹೇಳುವುದಿಲ್ಲ. 2022ರ ಹಂಗೆರಿಯಲ್ಲಿ ಹತ್ತನೇ ಜಾಗದಲ್ಲಿದ್ದ ವೆರ್ಸ್ಟಾಪನ್‌ಗೂ ರೆಡ್ ಬುಲ್ ಮೊದಲು ಗಟ್ಟಿ ಟೈರು ಅಂತಲೇ ಇಟ್ಟಿತ್ತು. ಗ್ರಿಡ್‌ಗೆ ಬರುವಾಗ ನೆಲ ತಣ್ಣಗಿರುವುದು ಗೊತ್ತಾಗಿ ಮೆತ್ತನೆಯ ಟೈರಿಗೆ ಬದಲಿಸಿತು, ಗೆದ್ದಿತು. ಅದೇ ರೇಸಿನ ನಡುವೆ ಲೆಕ್ಲರ್‌ಗೆ ಫೆರಾರಿ ಗಟ್ಟಿ ಟೈರು ಹಾಕಿತು, ಮುಂಚೂಣಿಯಲ್ಲಿದ್ದವರು ಆರನೆಯವರಾದರು.

ಮೂರನೆಯದು, ಉಳಿದವರಿಗಿಂತ ಒಂದು ಸ್ಟಾಪ್ ಕಡಿಮೆ ಮಾಡುವುದು. ಒಂದು ಪಿಟ್ ಸ್ಟಾಪ್ ಅಂದರೆ ಟೈರು ಬದಲಿಸುವ ಎರಡು ಮೂರು ಸೆಕೆಂಡು ಮಾತ್ರ ಅಲ್ಲ. ಪಿಟ್ ಲೇನ್‌ನಲ್ಲಿ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಮಿತಿ ಇರುವುದರಿಂದ ಒಟ್ಟು 20 ಸೆಕೆಂಡಿನ ಆಚೀಚೆ ಹೋಗುತ್ತದೆ. ಅದನ್ನು ಉಳಿಸಿದರೆ ದೊಡ್ಡ ಗಂಟು. 2024ರ ಮೊಂಜಾದಲ್ಲಿ ಹೊಸ ಡಾಂಬರಿನ ಮೇಲೆ ಗ್ರೇನಿಂಗ್ ಹೆದರಿಕೆಯಿಂದ ಮೆಕ್‌ಲಾರೆನ್ ಎರಡು ಸ್ಟಾಪ್ ಮಾಡಿತು. ನಾಲ್ಕನೇ ಜಾಗದಿಂದ ಹೊರಟ ಲೆಕ್ಲರ್ ಒಂದೇ ಸ್ಟಾಪಿನಲ್ಲಿ ಟೈರನ್ನು ಜೋಪಾನ ಮಾಡಿ ಗೆದ್ದರು. ಟೈರು ಕೈಕೊಟ್ಟಿದ್ದರೆ ಕೊನೆಯ ಐದು ಸುತ್ತಿನಲ್ಲಿ ಐದು ಮಂದಿ ದಾಟಿಬಿಡುತ್ತಿದ್ದರು. ಈ ದಾರಿ ಚಾಲಕನ ಕೈಗುಣದ ಮೇಲೆ ನಿಂತಿದೆ, ನಿಮ್ಮ ಚಾಲಕ ಟೈರು ಉಳಿಸುವವನೋ ಉರಿಸುವವನೋ ಅನ್ನುವುದು ನಿಮಗೇ ಚೆನ್ನಾಗಿ ಗೊತ್ತು.

ಕ್ವಾಲಿಫೈಯಿಂಗ್ ಶುರುವಾದ ಮೇಲೆ ಕಾರಿನ ಸೆಟಪ್ ಬದಲಿಸುವಂತಿಲ್ಲ, ಮುಂದಿನ ರೆಕ್ಕೆಯ ಕೋನದಂಥ ಒಂದೆರಡು ಸಣ್ಣ ತಿದ್ದುಪಡಿ ಬಿಟ್ಟು. ಬದಲಿಸಿದರೆ ಪಿಟ್ ಲೇನ್‌ನಿಂದ ಹೊರಡಬೇಕು. 2025ರ ಸಾವೊ ಪೌಲೊದಲ್ಲಿ ಮೊದಲ ಹಂತದಲ್ಲೇ ಹೊರಬಿದ್ದ ವೆರ್ಸ್ಟಾಪನ್‌ಗೆ ರೆಡ್ ಬುಲ್ ಅದನ್ನೇ ಮಾಡಿತು, ಅವರು ಪಿಟ್ ಲೇನ್‌ನಿಂದ ಹೊರಟು ಮೂರನೆಯವರಾದರು. ಕಳೆದುಕೊಳ್ಳಲು ಏನೂ ಉಳಿಯದವರ ದಾರಿ ಅದು. ಆರನೆಯವನಿಗೆ ಬೇಡ.

ಶನಿವಾರ ರಾತ್ರಿ ಚಹಾದ ಅಂಗಡಿಗೆ ಹೋಗುವಾಗ ಒಂದು ಚೀಟಿ ಇಟ್ಟುಕೊಳ್ಳಿ. ಶುಕ್ರವಾರದ ಅತಿ ವೇಗದ ಸಮಯ ಬೇಡ. ಅದೇ ಟೈರಿನ ಮೇಲೆ ಸತತ ಎಂಟು ಹತ್ತು ಸುತ್ತು ಓಡಿದಾಗ ಸುತ್ತಿನ ಸಮಯ ಎಷ್ಟೆಷ್ಟು ಏರಿತು ಅನ್ನುವುದನ್ನು ಬರೆಯಿರಿ. ಭಾನುವಾರದ ಹತ್ತಿರದ ಸುಳಿವು ಅದೇ. ಆಮೇಲೆ ಹೊಸ ಟೈರು ಎಷ್ಟು ಉಳಿದಿವೆ ನೋಡಿ. ಸ್ಪ್ರಿಂಟ್ (ಶನಿವಾರದ ಚಿಕ್ಕ ರೇಸ್) ಇಲ್ಲದ ವಾರಾಂತ್ಯದಲ್ಲಿ ಒಬ್ಬ ಚಾಲಕನಿಗೆ ಒಣ ರಸ್ತೆಯ ಟೈರು ಸಿಗುವುದು 13 ಜೊತೆ: ಗಟ್ಟಿಯವು 2, ಮಧ್ಯಮ 3, ಮೆತ್ತನೆಯವು 8. ಮಳೆ ಇಲ್ಲದ ರೇಸಿನಲ್ಲಿ ಎರಡು ಬಗೆಯವನ್ನಾದರೂ ಬಳಸಲೇಬೇಕು. ನಿಮ್ಮವನ ಬಳಿ ಹೊಸ ಗಟ್ಟಿ ಎರಡು ಉಳಿದು ಮುಂದಿನವರ ಬಳಿ ಒಂದೇ ಇದ್ದರೆ ಎರಡು ಸ್ಟಾಪಿನ ರೇಸಿನಲ್ಲಿ ಇವನ ಕೈ ಮೇಲು. ಮರುದಿನದ ಬಿಸಿಲು, ಮಳೆಯ ಮುನ್ಸೂಚನೆ ಬರೆಯಿರಿ. ನನ್ನ 2 ಪಿಎಸ್‌ಐ ನೆನಪಿರಲಿ.

ಇನ್ನೊಂದು, ಗ್ರಿಡ್‌ನಲ್ಲಿ ಕಾರುಗಳು ಒಂದರ ಹಿಂದೆ ಒಂದು 8 ಮೀಟರ್ ಅಂತರದಲ್ಲಿ ಎರಡು ಸಾಲಾಗಿ ನಿಲ್ಲುತ್ತವೆ. ಆರನೇ ಜಾಗ ಪೋಲ್‌ನ ಸಾಲಿನಲ್ಲಿ ಇರುವುದಿಲ್ಲ, ಎರಡನೇ ಜಾಗದ ಸಾಲಿನಲ್ಲಿ ಇರುತ್ತದೆ. ಎಷ್ಟೋ ಟ್ರ್ಯಾಕುಗಳಲ್ಲಿ ಆ ಬದಿಯಲ್ಲಿ ಕಾರುಗಳ ಓಡಾಟ ಕಡಿಮೆ, ಧೂಳು ಹೆಚ್ಚು, ಹೊರಡುವಾಗ ಹಿಡಿತ ಕಡಿಮೆ. ಐದನೆಯವನಿಗೆ ಸಿಗುವ ನೆಲ ಆರನೆಯವನಿಗೆ ಸಿಗದಿರಬಹುದು.

ಭಾನುವಾರ ಯುರೋಪಿನ ರೇಸ್ ಆದರೆ ನಮ್ಮಲ್ಲಿ ಹೆಚ್ಚಾಗಿ ಸಂಜೆ 6:30ಕ್ಕೆ ಶುರು. ಹತ್ತು ನಿಮಿಷ ಮುಂಚೆಯೇ ಟಿವಿ ಹಾಕಿ. ಟೈರಿನ ಹೊದಿಕೆ ತೆಗೆಯುವಾಗ ಪಕ್ಕದ ಪಟ್ಟಿಯ ಬಣ್ಣ ಕಾಣುತ್ತದೆ: ಕೆಂಪು ಮೆತ್ತನೆಯದು, ಹಳದಿ ಮಧ್ಯಮ, ಬಿಳಿ ಗಟ್ಟಿ. ಮುಂದಿನ ಐವರೂ ಹಳದಿ, ನಿಮ್ಮವನೊಬ್ಬ ಕೆಂಪು ಅಂದರೆ ತಂಡ ಮೊದಲ ಸುತ್ತಿನಲ್ಲೇ ಜಾಗ ಗಳಿಸಲು ಹೊರಟಿದೆ ಅಂತ ಅರ್ಥ. ಮಾತು ಬಿಟ್ಟ ಇಬ್ಬರನ್ನೂ ಅಷ್ಟರೊಳಗೆ ಕರೆಸಿ. ಒಬ್ಬರು ಮುಂದಿನ ಐವರ ಬಣ್ಣ ಬರೆದುಕೊಳ್ಳಲಿ, ಇನ್ನೊಬ್ಬರು ಯಾವ ಸುತ್ತಿನಲ್ಲಿ ಯಾರು ಪಿಟ್‌ಗೆ ಬಂದರು ಅನ್ನುವುದನ್ನು. ರೇಸ್ ಮುಗಿದ ಮೇಲೆ ಆ ಚೀಟಿಯ ಫೋಟೊ ನನಗೆ ಕಳಿಸಿ, ಯಾವ ಸುತ್ತಿನಲ್ಲಿ ಜಾಗ ಹೋಯಿತು, ಯಾವ ಸುತ್ತಿನಲ್ಲಿ ಬಂತು ಅಂತ ಗುರುತು ಹಾಕಿ ಕೊಡುತ್ತೇನೆ.